ವಿಆರ್ ಹೆಡ್‌ಸೆಟ್ ಮನೆಗೆ ಬಂದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ?

ಪ್ರಶ್ನೆ: ನಾವಿರುವುದು ಮಂಡ್ಯದಲ್ಲಿ, ಮಗ ನ್ಯೂಜೆರ್ಸಿಯಲ್ಲಿ. ಈ ಸಲ ದಸರಾಕ್ಕೆ ಬರುವಾಗ ನಮಗೊಂದು ವಿಆರ್ ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವೇ ಕಾಣುವ ಸಾಧನ, ತರುತ್ತಾನಂತೆ. ತನಗೂ ಒಂದು ಇಟ್ಟುಕೊಂಡು, ಇನ್ನು ಮೇಲೆ ಎದುರಿಗೇ ಕೂತ ಹಾಗೆ ಮಾತಾಡೋಣ ಅನ್ನುತ್ತಾನೆ. ಮೈಸೂರಿನ ಬೋಗಾದಿ ಕಡೆ ನಮ್ಮದೊಂದು 30×40 ಸೈಟಿದೆ. ಅಲ್ಲಿ ಕಟ್ಟಬೇಕಾದ ಮನೆಯನ್ನೂ ಅದರೊಳಗೇ ಓಡಾಡಿ ನೋಡಬಹುದಂತೆ. ಅತ್ತೆಗೆ 74 ವರ್ಷ, ಆಗಾಗ ತಲೆಸುತ್ತು. ಮೇಲುಕೋಟೆ ಬೆಟ್ಟ ಹತ್ತಲು ಆಗುವುದಿಲ್ಲ, ಇದರಲ್ಲಾದರೂ ತೋರಿಸಿ ಅನ್ನುತ್ತಾರೆ. ಮೊಮ್ಮಗನಿಗೆ 11. ನನ್ನ ಕನ್ನಡಕ ದೂರಕ್ಕೂ ಓದುವುದಕ್ಕೂ ಸೇರಿ ಒಂದೇ. ಹಾಲ್ 12×14 ಅಡಿ. ಇದರಿಂದ ನಿಜವಾಗಿ ದಿನದ ಬದುಕು ಬದಲಾಗುತ್ತದೆಯೇ, ನಾಲ್ಕು ದಿನದ ಆಟವೇ? ಏನೇನು ಎಚ್ಚರಿಕೆ ಬೇಕು?

ಉತ್ತರ: ನೀವು ಹೇಳಿರುವ ನಾಲ್ಕು ಕೆಲಸಗಳಲ್ಲಿ ಮನೆ ನೋಡುವ ಕೆಲಸಕ್ಕೆ ಇದು ಖಂಡಿತ ಉಪಯೋಗಕ್ಕೆ ಬರುತ್ತದೆ. ಅತ್ತೆಯವರಿಗೆ ಬೆಟ್ಟ ತೋರಿಸಬಹುದು, ಆದರೆ ಮೊದಲು ವೈದ್ಯರನ್ನು ಕೇಳಿ, ಆಮೇಲೆ ಕೂರಿಸಿಕೊಂಡು, ಐದೇ ನಿಮಿಷ. ಮಗನ ಜೊತೆ ಮಾತು ನೀವು ಅಂದುಕೊಂಡಷ್ಟು ಸಲೀಸಲ್ಲ. ಮೊಮ್ಮಗನಿಗೆ ಗಡಿಯಾರ ಇಟ್ಟೇ ಕೊಡಬೇಕು.

ಹೀಗೆ ಹೇಳುವುದಕ್ಕೆ ಕಾರಣವಿದೆ. ವಿಆರ್ ದಿನದ ಬದುಕನ್ನು ಮುಟ್ಟುವುದು ಎರಡು ಕಡೆ: ವಸ್ತುವಿನ ನಿಜವಾದ ಗಾತ್ರ ಕಣ್ಣಿಗೆ ಸಿಗಲೇಬೇಕಾದ ಕಡೆ, ಮತ್ತು ಕೈಕಾಲು ಆಡಿಸಿಯೇ ಕಲಿಯಬೇಕಾದ ಕಡೆ. ಫೋನಿನಲ್ಲಿ ಆಗುವ ಕೆಲಸಕ್ಕೆ ಅರ್ಧ ಕಿಲೋ ಸಾಮಾನನ್ನು ಮುಖಕ್ಕೆ ಕಟ್ಟಿಕೊಳ್ಳುವ ತಾಳ್ಮೆ ಒಂದು ತಿಂಗಳೂ ಉಳಿಯುವುದಿಲ್ಲ, ಹೆಡ್‌ಸೆಟ್ ಅಟ್ಟ ಸೇರುತ್ತದೆ. ಆದ್ದರಿಂದ ಅದನ್ನು ಟಿವಿ ಥರ ದಿನವಿಡೀ ಬಳಸುವ ವಸ್ತು ಅಂದುಕೊಳ್ಳದೆ, ಹೊಲಿಗೆ ಯಂತ್ರದ ಥರ ಕೆಲಸವಿದ್ದಾಗ ತೆಗೆದು ಅರ್ಧ ಗಂಟೆ ಬಳಸಿ ಮುಚ್ಚಿಡುವ ವಸ್ತು ಅಂದುಕೊಳ್ಳಿ.

ಮೊದಲು ಮನೆಯ ವಿಷಯ. ಪ್ಲಾನಿನ ಹಾಳೆಯಲ್ಲಿ ಅಡುಗೆಮನೆ 8×10 ಅಂತ ಬರೆದಿದ್ದರೆ ಅದರೊಳಗೆ ನಿಂತಾಗ ಹೇಗಿರುತ್ತದೆ ಅನ್ನುವುದು ಇಂಜಿನಿಯರಿಗೆ ಗೊತ್ತಿರುತ್ತದೆ, ನಮಗೆ ಗೊತ್ತಾಗುವುದು ಗೋಡೆ ಎದ್ದ ಮೇಲೆ. ಆಗ ಒಡೆಸಿದರೆ ದುಡ್ಡು ದಂಡ. ಪಾಯ ತೆಗೆಯುವ ಮೊದಲೇ ಒಳಗೆ ನಿಂತು ನೋಡುವ ಅನುಕೂಲ ನಮ್ಮಂಥ ಮನೆಗಳಿಗೆ ವಿಆರ್ ಕೊಟ್ಟಿರುವ ದೊಡ್ಡ ಉಪಕಾರ.

ಇಂಜಿನಿಯರ್ ಹತ್ತಿರ ‘ಎಲಿವೇಷನ್’ ಚಿತ್ರ ಕೇಳಿದರೆ ಸಾಲದು, ಅದು ಬರೀ ಫೋಟೊ. ಮನೆಯ ಪೂರ್ತಿ ತ್ರೀಡಿ ಮಾಡೆಲ್ ಬೇಕು, ಒಳಗಿನ ಅಡುಗೆಕಟ್ಟೆ, ಮೆಟ್ಟಿಲು, ಸಜ್ಜಾ ಸಮೇತ, ಜಿಎಲ್‌ಬಿ ಫೈಲಾಗಿ ಕೊಡಿ ಅನ್ನಿ. ಆ ಬಗೆಯ ಫೈಲು ಅಳತೆಯನ್ನು ಮೀಟರಿನಲ್ಲಿ ಓದುತ್ತದೆ. ಇಂಚಿನಲ್ಲೋ ಮಿಲಿಮೀಟರಿನಲ್ಲೋ ಬರೆದ ಮಾಡೆಲನ್ನು ಸರಿಯಾಗಿ ಬದಲಿಸದೆ ಕಳಿಸಿದರೆ ಮನೆ ಬೊಂಬೆಮನೆಯಾಗಿ ಕಾಣುತ್ತದೆ, ಇಲ್ಲವೇ ಗೋಪುರವಾಗಿ ಕಾಣುತ್ತದೆ. ಅಷ್ಟು ದೊಡ್ಡ ತಪ್ಪಾದರೆ ಯಾರಿಗಾದರೂ ಗೊತ್ತಾಗುತ್ತದೆ. ಮೋಸ ಹೋಗುವುದು ಸಣ್ಣ ತಪ್ಪಿನಲ್ಲಿ.

ಆ ಸಣ್ಣ ತಪ್ಪು ಸಾಮಾನ್ಯವಾಗಿ ನೆಲದ ಮಟ್ಟದಲ್ಲಿರುತ್ತದೆ. ಆಡುವ ಜಾಗದ ಗಡಿ ಗುರುತಿಸುವಾಗ ಹೆಡ್‌ಸೆಟ್ ನೆಲ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅದನ್ನು ಹಾಗೇ ಒಪ್ಪಿಕೊಳ್ಳದೆ, ಕೈಯಲ್ಲಿ ಹಿಡಿಯುವ ಕಂಟ್ರೋಲರನ್ನು ನಿಜವಾದ ನೆಲಕ್ಕೆ ಮುಟ್ಟಿಸಿ ಸರಿಮಾಡಿ. ನೆಲ ನಾಲ್ಕು ಇಂಚು ಕೆಳಗೆ ಹೋಗಿದ್ದರೆ 34 ಇಂಚಿನ ಅಡುಗೆಕಟ್ಟೆ 30 ಇಂಚಿನ ಹಾಗೆ ಸೊಂಟಕ್ಕಿಂತ ತಗ್ಗಿ ಕಾಣುತ್ತದೆ, ನೀವು ಎತ್ತರಿಸಿ ಅನ್ನುತ್ತೀರಿ, ಮೇಸ್ತ್ರಿ ಎತ್ತರಿಸುತ್ತಾನೆ, ಆಮೇಲೆ ದಿನಾ ಭುಜ ಎತ್ತಿ ಒಗ್ಗರಣೆ ಹಾಕಬೇಕಾಗುತ್ತದೆ. ತಾಳೆ ನೋಡುವುದು ಸುಲಭ: ಈಗಿನ ಮನೆಯ ಅಡುಗೆಕಟ್ಟೆಗೆ ಟೇಪು ಹಿಡಿದು ಎತ್ತರ ಬರೆದುಕೊಳ್ಳಿ, ಅಷ್ಟೇ ಎತ್ತರದ ಒಂದು ಪೆಟ್ಟಿಗೆಯನ್ನು ಮಾಡೆಲಿನಲ್ಲಿ ಇಡಿಸಿ. ಹೆಡ್‌ಸೆಟ್ ಹಾಕಿಕೊಂಡು ಅದರ ಪಕ್ಕ ನಿಂತಾಗ ಅಂಗೈ ಎಲ್ಲಿಗೆ ಬರುತ್ತದೆ, ನಿಜವಾದ ಕಟ್ಟೆಯ ಪಕ್ಕ ನಿಂತಾಗ ಎಲ್ಲಿಗೆ ಬರುತ್ತದೆ ನೋಡಿ. ಎರಡೂ ಒಂದಾದರೆ ಮಾತ್ರ ಉಳಿದದ್ದನ್ನು ನಂಬಿ.

ಆಮೇಲೆ ನೋಡಬೇಕಾದದ್ದು ಇವು: ಎದುರುಬದುರು ಕಟ್ಟೆಗಳಿದ್ದರೆ ನಡುವೆ ಮೂರೂವರೆ ಅಡಿ ಇದೆಯೇ, ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದಾಗ ಇನ್ನೊಬ್ಬರು ದಾಟಬಹುದೇ, ಮೆಟ್ಟಿಲ ಏರು ಆರರಿಂದ ಏಳು ಇಂಚಿನೊಳಗಿದೆಯೇ, ಮೆಟ್ಟಿಲ ಕೆಳಗೆ ಬಚ್ಚಲಿಟ್ಟಿದ್ದರೆ ನಿಮ್ಮ ಮಗನ ತಲೆ ತಾಗುತ್ತದೆಯೇ, ಸಜ್ಜಾ ಮೇಲಿನ ಡಬ್ಬ ಕೈಗೆಟುಕುತ್ತದೆಯೇ. ನಿಮ್ಮ ಹಾಲಿನಲ್ಲಿ ಸೋಫಾ, ಟೀಪಾಯಿ ಬದಿಗೆ ಸರಿಸಿದರೆ ಸುಮಾರು 8×10 ಅಡಿ ಖಾಲಿ ಸಿಗುತ್ತದೆ. ಅಂದರೆ ಅಡುಗೆಮನೆಯೊಂದನ್ನು ಮಾತ್ರ ಕಾಲಿಂದಲೇ ನಡೆದು ನೋಡಬಹುದು. ಉಳಿದ ಕೋಣೆಗಳಿಗೆ ‘ಟೆಲಿಪೋರ್ಟ್’ ಬಳಸಿ, ಅಂದರೆ ಬೇಕಾದ ಜಾಗಕ್ಕೆ ಗುರಿಯಿಟ್ಟು ಒಂದೇ ಸಲಕ್ಕೆ ಅಲ್ಲಿಗೆ ಜಿಗಿಯುವುದು. ಗುಂಡಿ ತಳ್ಳಿ ತೇಲಿಕೊಂಡು ಹೋಗುವ ವಿಧಾನ ಬೇಡ, ಹೊಟ್ಟೆ ತೊಳಸುತ್ತದೆ. ಇನ್ನೊಂದು ಮಾತು: ಕಾಣುವ ಕಟ್ಟೆಗೆ ಕೈಯೂರಬೇಡಿ, ಕಾಣುವ ಕುರ್ಚಿಯಲ್ಲಿ ಕೂರಬೇಡಿ. ಅಲ್ಲಿ ಏನೂ ಇಲ್ಲ ಎಂದು ಬುದ್ಧಿಗೆ ಗೊತ್ತಿದ್ದರೂ ಮೈಗೆ ಗೊತ್ತಿರುವುದಿಲ್ಲ, ಬೀಳುವವರು ಬೀಳುವುದು ಹೀಗೆಯೇ.

ಬಿಸಿಲು ನೋಡುವ ಸೌಲಭ್ಯವೂ ಮಾಡೆಲ್ ತಂತ್ರಾಂಶಗಳಲ್ಲಿ ಇರುತ್ತದೆ. ಆದರೆ ಅದರಲ್ಲಿ ಊರು ಯಾವುದು ಎಂದು ಕೂರಿಸದಿದ್ದರೆ ಬೇರೆ ದೇಶದ ಸೂರ್ಯ ನಿಮ್ಮ ಮನೆ ಬೆಳಗುತ್ತಾನೆ. ಮೈಸೂರು ಉತ್ತರ ಅಕ್ಷಾಂಶ ಸುಮಾರು 12.3 ಡಿಗ್ರಿಯಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯ ನಮಗೆ ತುಸು ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂದು ಸಜ್ಜಾ ಬಿಡುವವರಿಗೆ ಇದು ನೆನಪಿರುವುದಿಲ್ಲ. ಇಂಜಿನಿಯರಿಗೆ ಹೇಳಿ ಮೈಸೂರು ಎಂದು ಕೂರಿಸಿ, ಮೇ ತಿಂಗಳ ಮೂರು ಗಂಟೆಗೆ ಪಶ್ಚಿಮದ ಮಲಗುವ ಕೋಣೆಯಲ್ಲಿ ಹೋಗಿ ನಿಲ್ಲಿ. ಬಣ್ಣದ ವಿಷಯದಲ್ಲಿ ಮಾತ್ರ ಹೆಡ್‌ಸೆಟ್ಟನ್ನು ನಂಬಬೇಡಿ. ಟೈಲ್ಸು, ಪೇಂಟು ಅಂಗಡಿಯಲ್ಲೇ ನೋಡಿ ಆರಿಸಬೇಕು.

ಮಗನ ಜೊತೆಗಿನ ಮಾತಿಗೆ ಬರೋಣ. ಹೆಡ್‌ಸೆಟ್ ಹಾಕಿದವರ ಅರ್ಧ ಮುಖ ಮುಚ್ಚಿರುತ್ತದೆ, ಅವರ ನಿಜವಾದ ಮುಖವನ್ನು ತೋರಿಸುವ ಕ್ಯಾಮೆರಾ ಎದುರಿಗಿರುವುದಿಲ್ಲ. ಹಾಗಾಗಿ ನೀವು ಕಾಣುವುದು ಅವನ ಕಾರ್ಟೂನಿನಂಥ ಅವತಾರವನ್ನು. ಅವತಾರ ತಲೆಯಾಡಿಸುತ್ತದೆ, ಕೈಯಾಡಿಸುತ್ತದೆ, ದನಿ ಅವನಿರುವ ದಿಕ್ಕಿನಿಂದಲೇ ಬರುತ್ತದೆ. ಪಕ್ಕದಲ್ಲಿದ್ದಾನೆ ಅನ್ನಿಸುವುದು ಸುಳ್ಳಲ್ಲ. ಆದರೆ ಮಗ ಇಳಿದುಹೋಗಿದ್ದಾನಾ, ನಿದ್ದೆಗೆಟ್ಟಿದ್ದಾನಾ ಎಂದು ತಾಯಿ ಹುಡುಕುವುದು ಮುಖದಲ್ಲಿ, ಅದು ಅಲ್ಲಿ ಸಿಗುವುದಿಲ್ಲ. ಮುಖದ ಸ್ನಾಯು, ಕಣ್ಣಿನ ಚಲನೆ ಗುರುತಿಸಿ ನಿಜರೂಪಕ್ಕೆ ಹತ್ತಿರದ ಮುಖ ಕಟ್ಟಿಕೊಡುವ ಹೆಡ್‌ಸೆಟ್‌ಗಳಿವೆ. 2024ರ ಫೆಬ್ರುವರಿಯಲ್ಲಿ ಬಂದ ಆಪಲ್ ವಿಷನ್ ಪ್ರೊ ಅಂಥದ್ದು. ಬಿಡುಗಡೆಯಾದಾಗ ಅದರ ಬೆಲೆ 3,499 ಡಾಲರ್. ಮಾತಿಗೆ ವಿಡಿಯೊ ಕಾಲ್ ಮುಂದುವರಿಯಲಿ. ಹೆಡ್‌ಸೆಟ್ಟನ್ನು ಇಬ್ಬರೂ ಸೇರಿ ಏನಾದರೂ ಮಾಡುವುದಕ್ಕೆ ಇಟ್ಟುಕೊಳ್ಳಿ, ಬೋಗಾದಿ ಮನೆಯ ಪ್ಲಾನನ್ನು ಜೊತೆಗೆ ನೋಡುವುದು, ಚದುರಂಗ ಆಡುವುದು ಹೀಗೆ. ಮಂಡ್ಯದಲ್ಲಿ ಬೆಳಗ್ಗೆ ಏಳು ಅಂದರೆ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ ಎಂಟೂವರೆ. ಕಾಫಿ ಆದ ಮೇಲೆ ನಿಮಗೂ, ಊಟ ಆದ ಮೇಲೆ ಅವನಿಗೂ ಹೊಂದುವ ಹೊತ್ತು ಅದು.

ಅತ್ತೆಯವರ ವಿಷಯದಲ್ಲಿ ಅವಸರ ಬೇಡ. ವಿಆರ್‌ನಲ್ಲಿ ತಲೆಸುತ್ತು ಬರುವುದು ಕಣ್ಣು ಮತ್ತು ಒಳಗಿವಿಯ ಜಗಳದಿಂದ. ದೃಶ್ಯ ಚಲಿಸಿದರೆ ಕಣ್ಣು ‘ನಾನು ಹೋಗುತ್ತಿದ್ದೇನೆ’ ಅನ್ನುತ್ತದೆ. ಒಳಗಿವಿಯಲ್ಲಿ ಸಮತೋಲ ಹೇಳುವ ಭಾಗ ‘ಇಲ್ಲ, ಕೂತಿದ್ದೇನೆ’ ಅನ್ನುತ್ತದೆ. ಘಾಟಿ ಬಸ್ಸಿನಲ್ಲಿ ಪುಸ್ತಕ ಓದಿದರೆ ವಾಕರಿಕೆ ಬರುವುದೂ ಇದೇ ಜಗಳ, ತಿರುಗುಮುರುಗಾಗಿ. ತಲೆ ತಿರುಗಿಸಿದ ಮೇಲೆ ಚಿತ್ರ ತಿರುಗುವುದು 20 ಮಿಲಿಸೆಕೆಂಡಿಗಿಂತ ತಡವಾದರೂ ತೊಂದರೆ ಶುರುವಾಗುತ್ತದೆ. ಈಗಾಗಲೇ ತಲೆಸುತ್ತಿರುವವರಿಗೆ ಒಳಗಿವಿಯಲ್ಲೇ ದೋಷವಿರುವ ಸಾಧ್ಯತೆ ಇರುವುದರಿಂದ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಮತ್ತು ಶ್ರವಣ ಸಂಸ್ಥೆ ನಿಮಗೆ ದೂರವೇನಲ್ಲ. ಎದೆಗೆ ಪೇಸ್‌ಮೇಕರ್ ಹಾಕಿದ್ದರೆ, ಕಿವಿಗೆ ಶ್ರವಣ ಯಂತ್ರವಿದ್ದರೆ ಅದನ್ನೂ ವೈದ್ಯರಿಗೆ ಹೇಳಲೇಬೇಕು. ಹೆಡ್‌ಸೆಟ್, ಕಂಟ್ರೋಲರುಗಳಲ್ಲಿ ಆಯಸ್ಕಾಂತವೂ ರೇಡಿಯೊ ಅಲೆಗಳೂ ಇವೆ. ಫಿಟ್ಸ್ ಬಂದಿದ್ದವರಿಗೆ ಕೊಡಲೇಬೇಡಿ.

ವೈದ್ಯರು ಒಪ್ಪಿದರೆ ಕೈಯಿರುವ, ತಿರುಗದ ಕುರ್ಚಿಯಲ್ಲಿ ಕೂರಿಸಿ. ಪಕ್ಕದಲ್ಲಿ ನೀವು ಕೂತು ಅವರ ಮುಂಗೈ ಹಿಡಿದಿರಿ, ಕೈಯ ಸ್ಪರ್ಶವೊಂದಿದ್ದರೆ ಭಯ ಅರ್ಧ ಕಡಿಮೆ. ಮೊದಲ ದಿನ ಎರಡು ನಿಮಿಷ, ಆಮೇಲೆ ಐದು. ಬೆವರು, ಆಕಳಿಕೆ, ಬಾಯಲ್ಲಿ ನೀರೂರುವುದು ವಾಕರಿಕೆಯ ಮುನ್ಸೂಚನೆ. ಕಂಡ ತಕ್ಷಣ ತೆಗೆಯಿರಿ, ‘ಇನ್ನೊಂಚೂರು ನೋಡಿ ಅತ್ತೆ’ ಅನ್ನಬೇಡಿ. ತೆಗೆದ ಮೇಲೂ ಐದು ನಿಮಿಷ ಕೂತೇ ಇರಲಿ.

ಮೇಲುಕೋಟೆಯನ್ನು ನೀವೇ ಚಿತ್ರಿಸಿಕೊಂಡು ಬರುವುದು ಒಳ್ಳೆಯದು, ಏಕೆಂದರೆ ಅಂತರ್ಜಾಲದ ಹೆಚ್ಚಿನ ಸುತ್ತುನೋಟದ ವಿಡಿಯೊಗಳಲ್ಲಿ ಕ್ಯಾಮೆರಾ ಕೈಯಲ್ಲಿ ಹಿಡಿದು ನಡೆದಿರುತ್ತಾರೆ, ಅದು ಅತ್ತೆಯವರಿಗೆ ವಿಷ. ಎರಡು ಲೆನ್ಸಿನ 360 ಡಿಗ್ರಿ ಕ್ಯಾಮೆರಾ ಬಾಡಿಗೆಗೆ ತನ್ನಿ. ಅದನ್ನು ಕೋಲಿಗೆ ಹಾಕಿ ನೆಲದಿಂದ ಸುಮಾರು 115 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿ. ಕೂತು ನೋಡುವವರ ಕಣ್ಣಿನ ಎತ್ತರ ಅದು. ಆಳೆತ್ತರಕ್ಕೆ ಇಟ್ಟರೆ ಕೂತವರಿಗೆ ಗಾಳಿಯಲ್ಲಿ ತೇಲಿದ ಹಾಗಾಗುತ್ತದೆ. ಕ್ಯಾಮೆರಾ ಅಲುಗಬಾರದು; ಯೋಗನರಸಿಂಹನ ಬೆಟ್ಟದ ಮೇಲೆ ಗಾಳಿ ಜೋರು, ಕೋಲಿನ ಬುಡಕ್ಕೆ ನೀರಿನ ಬಾಟಲಿ ಕಟ್ಟಿ ಭಾರ ಮಾಡಿ. ಕೋತಿಗಳಿರುವುದರಿಂದ ಕ್ಯಾಮೆರಾ ಬಿಟ್ಟು ದೂರ ಹೋಗುವಂತಿಲ್ಲ; ಅದರ ಹಿಂದೆಯೇ ಎರಡು ಹೆಜ್ಜೆ ದೂರ ಕೂತಿರಿ, ಅತ್ತೆಯವರು ನೋಡುವಾಗ ಬೆನ್ನ ಹಿಂದೆ ಬರುತ್ತೀರಿ. ಎರಡು ಲೆನ್ಸಿನ ಚಿತ್ರ ಸೇರುವ ಹೊಲಿಗೆ ಕ್ಯಾಮೆರಾದ ಪಕ್ಕಕ್ಕೆ ಬರುತ್ತದೆ, ಆ ದಿಕ್ಕಿನಲ್ಲಿ ಒಂದು ಮೀಟರಿನೊಳಗೆ ಯಾರಾದರೂ ನಿಂತರೆ ಮುಖ ಸೀಳಿ ಕಾಣುತ್ತದೆ. ಲೆನ್ಸಿನ ಮುಖ ಕಲ್ಯಾಣಿಯ ಕಡೆಗೋ ಗೋಪುರದ ಕಡೆಗೋ ಇರಲಿ. ಒಂದೊಂದು ಜಾಗದಲ್ಲಿ ಒಂದು ನಿಮಿಷ ಸಾಕು: ಮೆಟ್ಟಿಲ ಬುಡ, ನಡುದಾರಿಯ ಮಂಟಪ, ಮೇಲಿನ ಪ್ರಾಂಗಣ, ಕಲ್ಯಾಣಿಯ ದಡ. ಗರ್ಭಗುಡಿಯೊಳಗೆ ಚಿತ್ರಿಸುವಂತಿಲ್ಲ, ಹೊರಗೂ ದೇವಸ್ಥಾನದವರನ್ನು ಕೇಳಿಯೇ ಕ್ಯಾಮೆರಾ ತೆಗೆಯಿರಿ. ಗಂಟೆ ಸದ್ದು, ಗಾಳಿ ಸದ್ದು ಹಾಗೇ ಇರಲಿ, ಹಾಡು ಸೇರಿಸಬೇಡಿ. ಹಿಂದೆ ಆ ಬೆಟ್ಟ ಹತ್ತಿದವರಿಗೆ ಆ ಸದ್ದೇ ಬೇಕು.

ಟಿವಿಯಲ್ಲಿ 4ಕೆ ಅಷ್ಟು ಚೆನ್ನಾಗಿ ಕಾಣುತ್ತದೆ, ಇದರಲ್ಲಿ ಏಕೆ ಮಬ್ಬು ಎಂದು ನಿಮಗೆ ಅನ್ನಿಸಬಹುದು. 4ಕೆ ವಿಡಿಯೊದ 3,840 ಚುಕ್ಕಿಗಳು ಸುತ್ತಲಿನ 360 ಡಿಗ್ರಿಗೆ ಹರಡಿಕೊಂಡಾಗ ಒಂದು ಡಿಗ್ರಿಗೆ ಹತ್ತು ಹನ್ನೊಂದು ಚುಕ್ಕಿ ಮಾತ್ರ ಸಿಗುತ್ತವೆ. 8ಕೆ ಆದರೆ 21. ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್ ತೋರಿಸಬಲ್ಲದ್ದು ಸುಮಾರು 25, ಆರೋಗ್ಯವಾದ ಕಣ್ಣು ಗುರುತಿಸಬಲ್ಲದ್ದು 60. ಆದ್ದರಿಂದ 8ಕೆ ಕ್ಯಾಮೆರಾ ಸಿಕ್ಕರೆ ಅದನ್ನೇ ತನ್ನಿ, ಮತ್ತು ವಿಡಿಯೊವನ್ನು ನೆಟ್ಟಿನಲ್ಲಿ ಓಡಿಸದೆ ಹೆಡ್‌ಸೆಟ್ಟಿಗೇ ಇಳಿಸಿಕೊಳ್ಳಿ. ನಡುವೆ ಕರೆಂಟು ಹೋಗಿ ರೌಟರ್ ಆರಿದರೂ ನರಸಿಂಹ ಎದುರಿಗೇ ಇರುತ್ತಾನೆ.

ಮೊಮ್ಮಗನಿಗೆ: ಕ್ವೆಸ್ಟ್ ತಯಾರಿಸುವ ಮೆಟಾ ಕಂಪನಿಯ ನಿಯಮದಂತೆ 10ರಿಂದ 12 ವರ್ಷದವರಿಗೆ ತಂದೆತಾಯಿಯ ಹಿಡಿತದಲ್ಲಿರುವ ಖಾತೆ ಬೇಕು, 10ರ ಒಳಗಿನವರಿಗೆ ಕೊಡುವ ಹಾಗಿಲ್ಲ. ದೊಡ್ಡವರ ಖಾತೆಯಲ್ಲೇ ಆಡಲು ಬಿಡಬೇಡಿ, ಗುರುತಿಲ್ಲದವರು ಮಾತಾಡಿಸುವ ಕೋಣೆಗಳು ಅದರಲ್ಲಿ ತೆರೆದಿರುತ್ತವೆ. ದಿನಕ್ಕೆ 20 ನಿಮಿಷ ಸಾಕು, ಮಲಗುವ ಮುಂಚೆ ಬೇಡ, ಊಟವಾದ ತಕ್ಷಣವೂ ಬೇಡ. ವಿಆರ್ ಪರದೆ ಮೂಗಿನ ಹತ್ತಿರವಿದ್ದರೂ ಲೆನ್ಸು ಅದನ್ನು ಒಂದೆರಡು ಮೀಟರ್ ದೂರಕ್ಕೆ ತಳ್ಳಿ ತೋರಿಸುತ್ತದೆ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ, ಆದರೆ ಕಣ್ಣಿನೊಳಗಿನ ಮಸೂರ ಮಾತ್ರ ಆ ದೂರಕ್ಕೇ ನಿಂತಿರಬೇಕು. ಕಣ್ಣು ದಣಿಯುವುದು ಈ ಎಳೆದಾಟದಿಂದ. ಎಲ್ಲರೂ ‘ಎಷ್ಟು ಆಳವಾಗಿ ಕಾಣುತ್ತೆ’ ಅನ್ನುವಾಗ ಅವನಿಗೆ ಮಾತ್ರ ಚಪ್ಪಟೆಯಾಗಿ ಕಂಡರೆ ನಿರ್ಲಕ್ಷ್ಯ ಮಾಡಬೇಡಿ. ಒಂದು ಕಣ್ಣು ಮಂದವಾಗಿರುವುದು ಎಷ್ಟೋ ಮಕ್ಕಳಲ್ಲಿ ಗೊತ್ತೇ ಆಗಿರುವುದಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಯಾವ ಹೆಡ್‌ಸೆಟ್ ತರಬೇಕು ಅನ್ನುವುದಕ್ಕೂ ಕಣ್ಣೇ ಆಧಾರ. ಎರಡು ಪಾಪೆಗಳ ನಡುವಿನ ದೂರ ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್, ಮಕ್ಕಳಲ್ಲಿ ಕಡಿಮೆ. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ 53ರಿಂದ 75ರವರೆಗಿನವರಿಗೆ ಹೊಂದಿಸಬಹುದು. ಅಗ್ಗದ ಕ್ವೆಸ್ಟ್ 3ಎಸ್‌ನಲ್ಲಿ ಮೂರೇ ಮೆಟ್ಟಿಲು. ಮನೆಯಲ್ಲಿ ಮೂರು ತಲೆಮಾರು ಒಂದನ್ನೇ ಬಳಸುವುದರಿಂದ ಚಕ್ರವಿರುವುದೇ ಮೇಲು. ಅಳತೆಗೆ ಕನ್ನಡಕದಂಗಡಿಯಲ್ಲಿ ‘ಪಿಡಿ ಎಷ್ಟು’ ಅಂತ ಕೇಳಿದರೆ ಬರೆದುಕೊಡುತ್ತಾರೆ. ಮನೆಯಲ್ಲಾದರೆ ಕನ್ನಡಿಯಿಂದ 20 ಸೆಂಟಿಮೀಟರ್ ದೂರ ನಿಂತು, ಹುಬ್ಬಿಗೆ ಸ್ಕೇಲು ಹಿಡಿದು, ಬಲಗಣ್ಣು ಮುಚ್ಚಿ ಸೊನ್ನೆಯನ್ನು ಎಡಪಾಪೆಯ ನಡುವಿಗೆ ಹಿಡಿಯಿರಿ. ಸ್ಕೇಲು ಕದಲಿಸದೆ ಎಡಗಣ್ಣು ಮುಚ್ಚಿ, ಬಲಪಾಪೆಯ ನಡುವಿಗೆ ಬಂದ ಅಂಕಿ ಓದಿ.

ನಿಮ್ಮ ಕನ್ನಡಕದ ಕೆಳಭಾಗ ಓದುವುದಕ್ಕೆ. ಹೆಡ್‌ಸೆಟ್ಟಿನೊಳಗೆ ಎಲ್ಲವೂ ದೂರದಲ್ಲೇ ಕಾಣುವುದರಿಂದ ಆ ಭಾಗ ಅಡ್ಡಬರುತ್ತದೆ. ಬರೀ ದೂರದ ನಂಬರಿನ ಹಳೆಯ ಕನ್ನಡಕವಿದ್ದರೆ ಅದು ಸರಿ. ಅದರ ಗಾಜು ಹೆಡ್‌ಸೆಟ್ಟಿನ ಲೆನ್ಸಿಗೆ ಉಜ್ಜಿದರೆ ಗೀರು ಬೀಳುತ್ತದೆ, ಎರಡರ ನಡುವೆ ಜಾಗವಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಹಾಕಿಕೊಳ್ಳುವಾಗ ಪಟ್ಟಿ ಸಡಿಲಿಸಿ, ಮೊದಲು ಮುಂಭಾಗವನ್ನು ಮುಖಕ್ಕಿಟ್ಟು, ಹಿಂದಿನ ಪಟ್ಟಿಯನ್ನು ತಲೆಬುರುಡೆಯ ಉಬ್ಬಿಗಿಂತ ಕೆಳಗೆ ಎಳೆಯಿರಿ. ಭಾರ ಹೊರಬೇಕಾದ್ದು ನೆತ್ತಿಯ ಪಟ್ಟಿ. ಪಕ್ಕದ ಪಟ್ಟಿಗಳನ್ನು ಬಿಗಿದರೆ ಕೆನ್ನೆಯ ಮೇಲೆ ಬರೆ ಬೀಳುತ್ತದೆ, ತಲೆನೋವೂ ಬರುತ್ತದೆ. ತುರುಬು ಹಾಕುವವರು ಪಟ್ಟಿ ತುರುಬಿನ ಕೆಳಗೆ ಬರುವ ಹಾಗೆ ನೋಡಿಕೊಳ್ಳಿ, ಮಲ್ಲಿಗೆ ದಂಡೆ ತೆಗೆದಿಡಿ. ಅಕ್ಷರ ಮಬ್ಬಾಗಿದ್ದರೆ ಹೆಡ್‌ಸೆಟ್ಟನ್ನು ಮೇಲೆ ಕೆಳಗೆ ಒಂದಿಷ್ಟೇ ಸರಿಸಿ, ಹೆಚ್ಚಿನ ಮಬ್ಬು ಅಲ್ಲಿಗೇ ಹೋಗುತ್ತದೆ. ತಲೆಗೆಣ್ಣೆ, ಬೆವರು, ಕುಂಕುಮ ಮುಖದ ಸ್ಪಂಜಿಗೆ ಹೀರಿಕೊಂಡು ವಾಸನೆ ಬರುತ್ತದೆ. ಒರೆಸಲು ಬರುವ ಸಿಲಿಕೋನ್ ಹೊದಿಕೆ ಹಾಕಿ. ಲೆನ್ಸಿಗೆ ಮಾತ್ರ ಒಣ ಮೈಕ್ರೋಫೈಬರ್ ಬಟ್ಟೆ, ನಡುವಿನಿಂದ ಅಂಚಿಗೆ. ಸ್ಪಿರಿಟ್ಟು, ಸ್ಯಾನಿಟೈಸರ್, ಸೆರಗು ಯಾವುದೂ ಬೇಡ.

ಹಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಸೀಲಿಂಗ್ ಫ್ಯಾನು. ಆಟದ ಹುಮ್ಮಸ್ಸಿನಲ್ಲಿ ಕೈ ಎತ್ತಿದರೆ ಕಂಟ್ರೋಲರ್ ರೆಕ್ಕೆಗೆ ಸಿಗುತ್ತದೆ. ಅದನ್ನು ಆರಿಸಿ, ಮೂಲೆಯಲ್ಲಿ ಟೇಬಲ್ ಫ್ಯಾನ್ ಇಡಿ. ಮುಖಕ್ಕೆ ಗಾಳಿ ಬರುವ ದಿಕ್ಕಿನಿಂದ ತಾವು ಎತ್ತ ತಿರುಗಿದ್ದೇವೆ ಅನ್ನುವುದೂ ತಿಳಿಯುತ್ತದೆ, ಲೆನ್ಸಿಗೆ ಹಬೆಯೂ ಕಟ್ಟುವುದಿಲ್ಲ. ಜಾಗದ ನಡುವೆ ಒಂದು ಕಾಲೊರಸು ಹಾಸಿ, ಜಾರದಂಥದ್ದು. ಬರಿಗಾಲಿಗೆ ಅದು ಸಿಗುತ್ತಿರುವ ತನಕ ಗೋಡೆ ದೂರವಿದೆ ಎಂದು ಅರ್ಥ. ಹೆಡ್‌ಸೆಟ್ ತನ್ನ ಸ್ಥಾನ ಗುರುತಿಸುವುದು ಕ್ಯಾಮೆರಾಗಳಿಂದ. ಕತ್ತಲಲ್ಲಿ, ಎದುರಿಗೆ ದೊಡ್ಡ ಕನ್ನಡಿಯಿದ್ದರೆ, ಗೋಡೆ ಏನೂ ಇಲ್ಲದೆ ಬಿಳಿಯಾಗಿದ್ದರೆ ಅದು ದಾರಿ ತಪ್ಪುತ್ತದೆ. ಗೋಡೆಗೊಂದು ಕ್ಯಾಲೆಂಡರ್ ಹಾಕಿದರೂ ಉಪಕಾರ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ದೀಪದ ಮಿಣುಕಿಗೆ ಕೈಚಲನೆ ನಡುಗಿದರೆ ಸೆಟ್ಟಿಂಗ್ಸಿನಲ್ಲಿ ಟ್ರ್ಯಾಕಿಂಗ್ ಆವರ್ತನವನ್ನು 50ಕ್ಕೆ ಬದಲಿಸಿ.

ಮನೆಯಾಚೆಗೆ ಇದು ಬದುಕನ್ನು ಬದಲಿಸುತ್ತಿರುವುದು ಮುಖ್ಯವಾಗಿ ಆಸ್ಪತ್ರೆ ಮತ್ತು ತರಬೇತಿಯಲ್ಲಿ. ಸುಟ್ಟಗಾಯದವರ ಪಟ್ಟಿ ಬದಲಿಸುವಾಗ ಹಿಮದ ಲೋಕವೊಂದನ್ನು ತೋರಿಸಿ ನೋವಿನಿಂದ ಗಮನ ಸೆಳೆಯುವ ಕೆಲಸ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲೇ ಶುರುವಾಯಿತು. ದೀರ್ಘಕಾಲದ ಬೆನ್ನುನೋವಿಗೆ ಮನೆಯಲ್ಲೇ ಬಳಸುವ ವಿಆರ್ ಕ್ರಮವೊಂದಕ್ಕೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ನವೆಂಬರಿನಲ್ಲಿ ಅನುಮತಿ ಕೊಟ್ಟಿದೆ. ಲಕ್ವ ಹೊಡೆದವರ ಕೈಯ ವ್ಯಾಯಾಮ, ಎತ್ತರದ ಭಯ, ವೆಲ್ಡಿಂಗ್ ಕಲಿಕೆ, ಬೆಂಕಿ ಆರಿಸುವ ಅಭ್ಯಾಸ, ಇವೆಲ್ಲ ಮೊದಲೇ ಹೇಳಿದ ಎರಡು ಗುಂಪಿಗೆ ಸೇರುವಂಥವೇ. ನಿಮ್ಮ ಮೊಮ್ಮಗ ಐಟಿಐ ಓದುವ ಹೊತ್ತಿಗೆ ಮೊದಲ ನೂರು ವೆಲ್ಡಿಂಗ್ ಗೆರೆಗಳನ್ನು ಸಲಾಕೆ ಸುಡದೆ ಎಳೆದು ಕಲಿತರೆ ಆಶ್ಚರ್ಯವಿಲ್ಲ.

ಒಂದು ವಿಷಯಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡುತ್ತಿಲ್ಲ. ಹೆಡ್‌ಸೆಟ್ ನಿಮ್ಮ ತಲೆ, ಕೈಗಳ ಚಲನೆಯನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಲ್ಲಿ 50 ಸಾವಿರಕ್ಕೂ ಹೆಚ್ಚು ವಿಆರ್ ಆಟಗಾರರ ನಡುವೆ ಒಬ್ಬರನ್ನು ಬರೀ 100 ಸೆಕೆಂಡಿನ ತಲೆ-ಕೈ ಚಲನೆಯಿಂದ ಶೇ 94ರಷ್ಟು ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಹೆಸರು ಬದಲಿಸಿಕೊಂಡರೂ ನಡಿಗೆ, ಕೈಬೀಸು ಗುರುತು ಹೇಳುತ್ತದೆ. ಹಾಗಾಗಿ ಮಗ ಊರಿನಲ್ಲಿರುವಾಗಲೇ ಅವನ ಪಕ್ಕ ಕೂತು ಪ್ರತಿ ಆ್ಯಪಿನ ಅನುಮತಿಗಳನ್ನು ನೋಡಿ. ಕೋಣೆಯ ನಕ್ಷೆ, ಮೈಕು ಬೇಡದ ಆ್ಯಪುಗಳಿಗೆ ಅವನ್ನು ಮುಚ್ಚಿಸಿ. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18ರೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು.

ತರುವಾಗ ಬ್ಯಾಟರಿಯಿರುವ ಸಾಮಾನಾದ್ದರಿಂದ ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಪಿನ್ನು ಬದಲಿಸುವ ಅಡಾಪ್ಟರ್ ಮಾತ್ರ ಸಾಕು. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ರಿಪೇರಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಲಿ. ಬಂದ ದಿನದಿಂದಲೇ ಅದಕ್ಕೊಂದು ಬಟ್ಟೆಚೀಲ ಹೊಲಿಸಿ, ಬಾಯಿಗೆ ದಾರ ಹಾಕಿ. ಲೆನ್ಸುಗಳು ಭೂತಗನ್ನಡಿಯ ಹಾಗೆ ಕೆಲಸ ಮಾಡುತ್ತವೆ: ಬೆಳಗಿನ ಬಿಸಿಲು ಕಿಟಕಿಯಿಂದ ಒಂದೆರಡು ನಿಮಿಷ ನೇರ ಬಿದ್ದರೂ ಒಳಗಿನ ಪರದೆಯಲ್ಲಿ ಹಳದಿ ಕಲೆ ಸುಟ್ಟು ಕೂರುತ್ತದೆ, ಅದಕ್ಕೆ ರಿಪೇರಿ ಇಲ್ಲ. ಮಹಡಿ ಮೇಲೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಪೂರ್ವದ ಕಿಟಕಿಯ ಕಟ್ಟೆಯ ಮೇಲೆ ಅದನ್ನು ಎಂದೂ ಇಡಬೇಡಿ.